ನೆಂಟರಿಗೆ ಕುರ್ಚಿ

ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯದನ್ನು ತಾಯಿ ಮೂರು ಎಳೆ ಮಾಡಿ ಅರ್ಧಕ್ಕೆ ತಂದಿದ್ದಳಷ್ಟೆ. ಅಲ್ಲಿಯವರೆಗೆ "ಅಮ್ಮಾ ಎಳೀಬೇಡ, ಅಮ್ಮಾ ನೋಯತ್ತೆ" ಎಂದು ಕುಣಿಯುತ್ತಿದ್ದ ತಲೆ ತಟ್ಟನೆ ಅಲ್ಲಾಡದೆ ನಿಂತಿತು.

"ಅಮ್ಮಾ, ನೆಂಟರು."

ತಾಯಿ ಜಡೆ ಹಿಡಿದ ಕೈ ಬಿಡಲಿಲ್ಲ. ಕಾಲು ಚಾಚಿ, ಹೊಲಿಗೆ ಮಿಷನ್ನಿನ ಮುಂದಿದ್ದ ಕುರ್ಚಿಯನ್ನು ಪಾದದಿಂದಲೇ ಈಚೆಗೆ ಎಳೆದಳು. "ಬನ್ನಿ, ಕೂತ್ಕೊಳ್ಳಿ" ಎಂದಳು, ಬಾಗಿಲಿನ ಕಡೆಗೆ.

ಮಗಳು ತಾನಾಗಿಯೇ ನೆಲಕ್ಕೆ ಕೂತಳು. ಮನೆಯ ಪದ್ಧತಿ ಅದು: ನೆಂಟರಿಗೆ ಕುರ್ಚಿ, ನಮಗೆ ನೆಲ. ಕೂತ ಮೇಲೆ ಅವಳ ಕಣ್ಣು ತೆರೆದೇ ಇದ್ದರೂ ಒಳಗೆ ದೀಪ ಆರಿದಂತಾಯಿತು. ತುಟಿ ಏನನ್ನೋ ಚಪ್ಪರಿಸತೊಡಗಿತು. ಬಲಗೈ ಬೆರಳುಗಳು ಫ್ರಾಕಿನ ಅಂಚನ್ನು ಹಿಡಿದು, ಹೊಲಿಗೆ ಬಿಚ್ಚುವವರ ಹಾಗೆ, ಚಿವುಟಿ ಚಿವುಟಿ ಎಳೆದವು. ತಾಯಿ ಗೋಡೆಯ ಗಡಿಯಾರ ನೋಡುತ್ತಾ ಮೆಲ್ಲಗೆ ಅವಳ ಬೆನ್ನು ಸವರಿದಳು.

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. "ಬಂದ್ರಾ? ಹೊತ್ತು ಗೊತ್ತು ಒಂದೂ ಇಲ್ಲ ಈ ನೆಂಟರಿಗೆ. ನನ್ನ ಹಾಲು ಉಕ್ಕೋ ಹೊತ್ತಿಗೇ ಸರಿಯಾಗಿ ಬರ್ತಾರೆ."

ಒಂದು ನಿಮಿಷ ನಲವತ್ತು ಸೆಕೆಂಡು. ಬೆರಳು ನಿಂತವು. ಮಗಳು ದೊಡ್ಡದಾಗಿ ಉಸಿರೆಳೆದು, ಎಲ್ಲಿಂದಲೋ ನಡೆದು ಬಂದವಳಂತೆ ಸುತ್ತ ನೋಡಿದಳು.

"ಹೋದ್ರಾ?" ಎಂದಳು ತಾಯಿ.

"ಹ್ಞೂಂ. ಅಮ್ಮಾ, ಇವತ್ತು ಅವರು ಕೂತ್ಕೊಳ್ಳಲೇ ಇಲ್ಲ."

"ಮತ್ತೆ?"

"ನಿನ್ನ ಪಕ್ಕ ಬಂದು ನಿಂತ್ರು. ನೀನು ಜಡೆ ಹಾಕೋದನ್ನ ನೋಡ್ತಾ ಇದ್ರು."

ತಾಯಿಗೆ ಬಲಗಡೆಯ ಭುಜ ಮಾತ್ರ ತಣ್ಣಗಾದಂತೆ ಅನ್ನಿಸಿತು. ತಿರುಗಿ ನೋಡಲಿಲ್ಲ. "ನೋಡ್ಲಿ ಬಿಡು. ಕಲ್ತ್ಕೊಂಡ್ರೆ ನಾಳೆಯಿಂದ ಅವರೇ ಹಾಕ್ಲಿ, ನನಗೊಂದು ಕೆಲಸ ತಪ್ಪತ್ತೆ."

ಇಂಥ ಮಾತಿಗೆ ಕಿಲಕಿಲ ಎನ್ನುವ ಹುಡುಗಿ ಇವತ್ತು ನಗಲಿಲ್ಲ. "ಅಮ್ಮಾ, ಒಂದು ಕೇಳ್ಲಾ?"

"ಕೇಳು ಕಂದಾ."

ಜಡೆಯ ಉಳಿದರ್ಧ ಹೆಣೆದು, ರಿಬ್ಬನ್ ಕಟ್ಟಿ ಮುಗಿಯುವವರೆಗೂ ತಾಯಿ ಕಾದಳು.

"ಏನಿಲ್ಲ ಬಿಡು" ಎಂದಳು ಮಗಳು.

ಅವಳಿಗೆ ಒಂಬತ್ತು ವರ್ಷ. ಹುಟ್ಟಿದಾಗ ಇಷ್ಟೇ ಇಷ್ಟು ಮೈ, ಮೇಲೊಂದು ಗುಂಡು ತಲೆ ಎಂದು ಅಜ್ಜಿ ಲವಂಗ ಎಂದು ಕರೆದಿದ್ದೇ ಹೆಸರಾಗಿತ್ತು. ಅವಳ ಅಪ್ಪ ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳೆಲ್ಲ ಅವನಿಗೆ ಒಳಗಿನಿಂದ ಪರಿಚಯ. ತಾಯಿ ಮನೆಯಲ್ಲೇ ಕೂತು, ಅಂಗಡಿಗಳು ಕಳಿಸುವ ಬಟ್ಟೆಗಳನ್ನು ಅಳತೆಗೆ ತಕ್ಕಂತೆ ಬಿಚ್ಚಿ ಹೊಲಿದು ಕೊಡುವವಳು.

ನೆಂಟರು ಮೊದಲು ಬಂದಿದ್ದು ಮೂರು ವರ್ಷದ ಕೆಳಗೆ. ಮಗು ಊಟದ ತಟ್ಟೆ ಬಿಟ್ಟು ಕಿರುಚಿಕೊಂಡಿತ್ತು: "ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ!" ಯಾರೂ ಇರಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ. ಹೆದರಿಕೆಯಿಂದ ಮಗು ಓಡುತ್ತಿತ್ತು, ಓಡುವಾಗಲೇ ಮೈಮರೆತು ಬೀಳುತ್ತಿತ್ತು. ಡಾಕ್ಟರು ಇದು ಮೂರ್ಛೆ, ಮಿದುಳಿನ ಒಂದು ಮೂಲೆಯಲ್ಲಿ ಕಿಡಿ ಹಾರಿದಾಗ ಯಾರೋ ಇದ್ದಾರೆ ಅನ್ನಿಸುತ್ತದೆ, ಕಿಡಿ ಹರಡಿದಾಗ ಎಚ್ಚರ ತಪ್ಪುತ್ತದೆ ಎಂದು ಬಿಡಿಸಿ ಹೇಳಿದ್ದರು. ಆದರೆ ಆರು ವರ್ಷದ ಮಗುವಿಗೆ ಕಿಡಿಯ ಕಥೆ ಹೇಳಿ ಏನು ಪ್ರಯೋಜನ? ಒಂದು ದಿನ ಮಗು ಕಿರುಚುವ ಮೊದಲೇ ತಾಯಿ ಕುರ್ಚಿ ಎಳೆದು, "ಅಯ್ಯೋ ಪಾಪ, ಎಷ್ಟು ಹೊತ್ತು ನಿಂತ್ಕೋತಾರೆ? ಕೂತ್ಕೊಳ್ಳಿ ಅನ್ನು, ನೆಂಟರು ಅಲ್ವಾ" ಎಂದಳು. ಮಗು ಓಡಲಿಲ್ಲ. ಕೂತು ನೋಡಿತು. ಅವತ್ತಿನಿಂದ ಬೀಳುವುದು ಅರ್ಧಕ್ಕರ್ಧ ಕಡಿಮೆಯಾಯಿತು. ತಾಯಿಗೆ ತನ್ನ ಜಾಣತನದ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳೇಕೆ ಹೇಳಬೇಕು. ಮನೆಯವರೆಲ್ಲ ರೂಢಿ ಮಾಡಿಕೊಂಡರು. ಅಪ್ಪ ಕೆಲಸದಿಂದ ಬಂದವನೇ "ನೆಂಟರು ಎಷ್ಟು ಸಲ ಬಂದಿದ್ರು?" ಎಂದು ಕೇಳುತ್ತಿದ್ದ. ಅಜ್ಜಿ ಕುರ್ಚಿಯ ಧೂಳು ಒರೆಸುತ್ತಿದ್ದಳು.

ನಿಂತಿದ್ದು ಕಿರುಚಾಟ ಮಾತ್ರ, ಕಾಯಿಲೆಯಲ್ಲ. ಮೊದಲ ಮಾತ್ರೆ ಕೇಳಲಿಲ್ಲ. ಎರಡನೆಯದು ಮಗುವನ್ನು ಹಗಲಲ್ಲೂ ತೂಕಡಿಸುವಂತೆ ಮಾಡಿತು. ಮೂರನೆಯದನ್ನು ಕೂಡಿಸಿದರು, ಏನೂ ಆಗಲಿಲ್ಲ. ನೀರಿನ ಹತ್ತಿರ, ಒಲೆಯ ಹತ್ತಿರ, ಮೆಟ್ಟಿಲ ಹತ್ತಿರ ಅವಳೊಬ್ಬಳನ್ನೇ ಬಿಡುವಂತಿರಲಿಲ್ಲ. ಹಾಗಿದ್ದೂ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಮುಂದಿನ ಹಲ್ಲು ಮುರಿಯಿತು, ಹಣೆಗೆ ಏಳು ಹೊಲಿಗೆ ಬಿತ್ತು. "ಇಂಥದ್ದೇ ಒಂದು ಬೀಳುವಿಕೆಯಲ್ಲಿ ಮಗು ಕೈ ತಪ್ಪಿ ಹೋಗಬಹುದಮ್ಮ" ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಎರಡು ಮಾತ್ರೆ ಸೋತ ಮೇಲೆ ಮೂರನೆಯದು ಗೆಲ್ಲುವುದು ಅಪರೂಪ. ಪಥ್ಯವಿದೆ, ಕತ್ತಿನ ನರಕ್ಕೆ ಕಟ್ಟುವ ಯಂತ್ರವಿದೆ. ಅವು ಕಡಿಮೆ ಮಾಡಿಯಾವು, ನಿಲ್ಲಿಸುವುದು ಕಷ್ಟ. ಆದರೆ ಕಿಡಿ ಹುಟ್ಟುವ ಜಾಗ ಒಂದೇ ಆಗಿದ್ದು, ಅದನ್ನು ಕಳೆದುಕೊಂಡರೂ ನಡೆಯುತ್ತದೆ ಎನ್ನುವಂತಿದ್ದರೆ, ಕೂದಲೆಳೆಯಷ್ಟೇ ತೆಳುವಾದ ಲೇಸರ್ ತಂತಿ ತಲೆಯೊಳಗೆ ಬಿಟ್ಟು ಅಷ್ಟೇ ಜಾಗವನ್ನು ಸುಡಬಹುದು ಎಂದಳು.

ಅಪ್ಪ ಅದನ್ನು ಮಗಳಿಗೆ ತನ್ನ ಭಾಷೆಯಲ್ಲಿ ಹೇಳಿದ. "ನೋಡು ಲವಂಗ, ದೊಡ್ಡ ಕಟ್ಟಡ. ಲಿಫ್ಟ್ ಚೆನ್ನಾಗೇ ಇದೆ. ಒಂದು ಮಹಡೀಲಿ ಒಂದು ವೈರ್ ಕೆಟ್ಟಿದೆ, ಅಷ್ಟೆ. ಅಲ್ಲಿಗೆ ಹೋದಾಗಲೆಲ್ಲ ಯಾರೂ ಒತ್ತದೇನೇ ಬಾಗಿಲು ತೆರ್ಕೊಂಡುಬಿಡತ್ತೆ. ಆ ವೈರ್ ಒಂದನ್ನ ತೆಗೆದ್ರೆ ಮುಗೀತು."

ಮಗಳು ಯೋಚಿಸಿ ಕೇಳಿದ್ದಳು: "ಬಾಗಿಲು ತೆರೆದಾಗ ಒಳಗೆ ಬಂದವರು?"

"ಬಂದವರು ಮೆಟ್ಟಿಲಿಳಿದು ಹೋಗ್ತಾರೆ" ಎಂದು ಅಪ್ಪ ನಕ್ಕಿದ್ದ. ತಾಯಿಯೂ ನಕ್ಕಿದ್ದಳು. ಎರಡು ಜಡೆ ಹೆಣೆದ ಆ ಬೆಳಗ್ಗೆ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ಆ ಪ್ರಶ್ನೆ ತಾಯಿಗೆ ಮತ್ತೆ ನೆನಪಾಯಿತು. ಯಾಕೋ ಆಗ ನಗು ಬರಲಿಲ್ಲ.

ಆಸ್ಪತ್ರೆಯ ಆ ಕೋಣೆಯಲ್ಲಿ ಮೂಲೆಗೊಂದು ಕ್ಯಾಮೆರಾ. ಮಗಳ ತಲೆಗೆ ಇಪ್ಪತ್ತೊಂದು ವೈರ್ ಅಂಟಿಸಿದ ಟೆಕ್ನಿಶಿಯನ್ ಮಹಾ ಮಾತುಗಾರ. "ಈಗ ನೀನು ಟೀವಿ ಕಣಮ್ಮಾ, ಆ ಕಡೆ ರೂಮಲ್ಲಿ ಕೂತು ನಿನ್ನನ್ನೇ ನೋಡ್ತೀವಿ. ಅಲ್ಲಿ ಬೇರೆ ಚಾನೆಲ್ಲೇ ಬರಲ್ಲ." ಮಾತ್ರೆ ಕಡಿಮೆ ಮಾಡಿದರು. ಮೂರ್ಛೆ ಬರಬೇಕು, ಬಂದದ್ದು ದಾಖಲಾಗಬೇಕು, ಆಗಲೇ ಜಾಗ ತಿಳಿಯುವುದು. ಮಗಳ ಕೈಗೊಂದು ಬಟನ್ ಕೊಟ್ಟರು. ನೆಂಟರು ಬಂದ ಕೂಡಲೇ ಒತ್ತಬೇಕು.

ಮೂರು ದಿನ ಅವಳು ಒಂದು ಸಲವೂ ಒತ್ತಲಿಲ್ಲ. "ಬಂದ್ರಾ?" ಎಂದರೆ "ಇಲ್ಲ" ಎನ್ನುವಳು. ತಾಯಿ ಆ ಮೂರು ದಿನ ಅವಳ ಮುಖ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಬೇಕಾದಾಗ ಬಾರದ ಕಾಯಿಲೆಗೆ ಬೈದೂ ಬೈದಳು: ಮನೆಯಲ್ಲಿ ದಿನಕ್ಕೆರಡು, ಇಲ್ಲಿ ಹಾಸಿಗೆ ಹಾಕಿ ಕರೆದರೆ ಠೀವಿ!

ನಾಲ್ಕನೆಯ ದಿನ ಡಾಕ್ಟರಮ್ಮ ತಾಯಿಯನ್ನು ಆಚೆಯ ರೂಮಿಗೆ ಕರೆದು ಪರದೆಯ ಮುಂದೆ ಕೂರಿಸಿದಳು. "ಮೊನ್ನೆ ಎರಡು ಬಂದಿವೆ, ನಿನ್ನೆ ಮೂರು. ಗೆರೆಗಳಲ್ಲಿ ಕಾಣ್ತಿದೆ. ಚಿಕ್ಕವು, ಎಚ್ಚರ ತಪ್ಪುವಷ್ಟು ಹರಡಿಲ್ಲ. ಆದ್ರೆ ಅವಳಿಗೆ ಗೊತ್ತಾಗಿರಲೇಬೇಕು. ನೋಡಿ."

ಪರದೆಯಲ್ಲಿ ಮಗಳು ಹಾಸಿಗೆಯ ಮೇಲೆ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ಪಕ್ಕದಲ್ಲಿ ತಾನು, ತಲೆ ತಗ್ಗಿಸಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಿರುವ ತಾನು. ಮೂರು ದಿನ ಮಗಳ ಮುಖ ಬಿಟ್ಟು ಬೇರೇನನ್ನೂ ನೋಡಿಲ್ಲ ಅಂದುಕೊಂಡಿದ್ದಳಲ್ಲ! ಪರದೆಯ ಕೆಳಗೆ ಗೆರೆಗಳು ಒಮ್ಮೆಲೇ ಮುಳ್ಳಿನ ಬೇಲಿಯಂತೆ ಎದ್ದವು. ಮಗಳು ಬಣ್ಣದ ಪೆನ್ಸಿಲ್ ನಿಲ್ಲಿಸಿದಳು. ಬಟನ್ನಿನ ಕಡೆ ನೋಡಿದಳು. ಆಮೇಲೆ, ಬಸ್ಸಿನಲ್ಲಿ ಜಾಗ ಬಿಡುವವರ ಹಾಗೆ, ಸದ್ದಿಲ್ಲದೆ ಸ್ವಲ್ಪ ಈಚೆಗೆ ಸರಿದು ಕೂತಳು. ಒಬ್ಬರು ಕೂರುವಷ್ಟು ಜಾಗ ಖಾಲಿ ಬಿದ್ದಿತ್ತು. ಮತ್ತೆ ಬಣ್ಣ ತುಂಬತೊಡಗಿದಳು, ಚಿತ್ರದ ಹಾಳೆಯನ್ನು ಆ ಖಾಲಿ ಜಾಗದ ಕಡೆಗೂ ಒಂಚೂರು ತಿರುಗಿಸಿ.

ಆ ಹೊತ್ತಿಗೆ ಪರದೆಯಲ್ಲಿದ್ದ ತಾನು ದಾರ ಕಚ್ಚಿ ತುಂಡು ಮಾಡಿ, ತಲೆಯೆತ್ತದೆ, "ಬಿಸಿಲು ಬೀಳ್ತಿದೆಯಾ ಕಂದಾ?" ಎಂದು ಕೇಳಿದಳು. ಕೇಳಿದ್ದು ಆ ಖಾಲಿ ಜಾಗದ ಕಡೆಗೆ.

"ದನಿ ಬಂದ ಕಡೆಗೆ ಮಾತಾಡಿರ್ತೀರ, ಅಷ್ಟೆ" ಎಂದಳು ಡಾಕ್ಟರಮ್ಮ. ಆದರೆ ಮಗಳು ಆಗ ಮಾತೇ ಆಡಿರಲಿಲ್ಲ.

ತಾಯಿ ವಾಪಸ್ಸು ಬಂದು ಮಗಳ ಪಕ್ಕ ಕೂತಳು. ಗದರಲಿಲ್ಲ, ಗದರಿದರೆ ಈ ಮಗು ಬಸವನಹುಳುವಿನ ಹಾಗೆ ಒಳಗೆ ಎಳೆದುಕೊಂಡುಬಿಡುತ್ತದೆಂದು ಗೊತ್ತಿತ್ತು. ಬೆರಳುಗಳನ್ನು ಒಂದೊಂದಾಗಿ ನೀವುತ್ತಾ ಕೇಳಿದಳು. "ಯಾಕೆ ಕಂದಾ ಒತ್ತಲಿಲ್ಲ?"

"ಗೊತ್ತಾಗಿಬಿಡತ್ತೆ ಅಂತ."

"ಯಾರಿಗೆ, ಡಾಕ್ಟರಮ್ಮಂಗಾ?"

ಮಗಳು ತಾಯಿಯ ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು. ವೈರುಗಳು ಕೆನ್ನೆಗೆ ತಾಕಿದವು. "ಅಲ್ಲ. ನೆಂಟರಿಗೆ. ನಾವು ಯಾಕೆ ಇಲ್ಲಿಗೆ ಬಂದಿದ್ದೀವಿ ಅಂತ ಅವರಿಗೆ ಇನ್ನೂ ಗೊತ್ತಿಲ್ಲ."

ಆಮೇಲೆ ಅವಳು ಒತ್ತಿದಳು. ಅಮ್ಮ ಹೇಳಿದಳೆಂದು ಒತ್ತಿದಳು. ಜಾಗ ಹೆಚ್ಚುಕಡಿಮೆ ತಿಳಿಯಿತು. ಖಚಿತ ಮಾಡಿಕೊಳ್ಳಲು ಒಂದು ತಿಂಗಳು ಬಿಟ್ಟು ಮತ್ತೆ ಸೇರಿಸಿಕೊಂಡು, ಅರಿವಳಿಕೆ ಕೊಟ್ಟು, ತಲೆಬುರುಡೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ತೆಳ್ಳನೆಯ ವೈರುಗಳನ್ನು ಒಳಗೇ ಇಳಿಸಿದರು. ನಡುವಿನ ಆ ತಿಂಗಳಿಡೀ ತಾಯಿ ಮನೆಯಲ್ಲಿ ಕುರ್ಚಿ ಎಳೆಯಲಿಲ್ಲ. ಅಜ್ಜಿ ಗೊಣಗಿದಳು, "ಮೂರು ವರ್ಷ ಉಪಚಾರ ಮಾಡಿ ಈಗ ಮುಖ ತಿರುಗಿಸಿದ್ರೆ ಮನುಷ್ಯರಿಗೇ ಸಿಟ್ಟು ಬರತ್ತೆ." "ಸುಮ್ನಿರಿ ಅತ್ತೆ, ಅಲ್ಲಿ ಯಾರೂ ಇಲ್ಲ" ಎಂದು ಸೊಸೆ ಹೇಳಿದಳು. ಹೇಳಿದ ಮೇಲೆ ಇಬ್ಬರೂ ಕುರ್ಚಿಯ ಕಡೆ ನೋಡಿದರು.

ಒಳಗಿನ ವೈರುಗಳಿಗೆ ಒಂದೊಂದಾಗಿ ಹದವಾದ ಕರೆಂಟು ಬಿಟ್ಟು ನೋಡುವ ಪರೀಕ್ಷೆ ಬೆಳಗ್ಗೆ ಹತ್ತಕ್ಕೆ ಶುರುವಾಯಿತು. ಮಗಳು ಎಚ್ಚರವಾಗಿಯೇ ಇರಬೇಕು, ಏನನ್ನಿಸಿತು ಎಂದು ಹೇಳುತ್ತಿರಬೇಕು. ನೋವಿಲ್ಲ. ತಾಯಿಯನ್ನು ಹಾಸಿಗೆಯ ಪಕ್ಕ ಕೂರಿಸಿದರು, ಅಪ್ಪ ಬಾಗಿಲ ಹತ್ತಿರ ನಿಂತ. ಟೆಕ್ನಿಶಿಯನ್ ಅಂಕಿ ಹೇಳಿ, ಕರೆಂಟು ಬಿಡುವ ಯಂತ್ರದ ಗುಬುಟು ತಿರುಗಿಸುತ್ತಿದ್ದ. ಒಂದು ವೈರಿಗೆ ಹೆಬ್ಬೆರಳು ಜುಂ ಎಂದಿತು. ಇನ್ನೊಂದಕ್ಕೆ ನಾಲಗೆಯ ಮೇಲೆ ಏನೋ ಲೋಹದ ರುಚಿ. "ಕಬ್ಬಿಣ ನೆಕ್ಕಿದ ಹಾಗಾ?" ಎಂದ ಟೆಕ್ನಿಶಿಯನ್. "ನಾನು ಕಬ್ಬಿಣ ನೆಕ್ಕಿಲ್ಲ, ನೀವು ನೆಕ್ಕಿದ್ದೀರಾ?" ಎಂದಳು ಮಗಳು. ಎಲ್ಲರೂ ನಕ್ಕರು.

ಏಳನೆಯ ವೈರು. ಅವನು ಗುಬುಟು ತಿರುಗಿಸಿದ.

"ಬಂದ್ರು" ಎಂದಳು ಮಗಳು.

ಗುಬುಟು ಹಿಂದಕ್ಕೆ ತಿರುಗಿತು.

"ಹೋದ್ರು."

ಮತ್ತೆ ತಿರುಗಿಸಿದ. "ಬಂದ್ರು." ಆರಿಸಿದ. "ಹೋದ್ರು." ಡಾಕ್ಟರಮ್ಮನ ಮುಖ ಅರಳಿತು. ಹುಡುಕುತ್ತಿದ್ದ ಬಾಗಿಲೇ ಸಿಕ್ಕಿತ್ತು. ಅಪ್ಪ ಮೆಲ್ಲಗೆ "ಲಿಫ್ಟ್ ಕರೆದ ಹಾಗೆ" ಎಂದ. ಆದರೆ ತಾಯಿಗೆ ಬೇರೆಯೇ ಕಂಡಿತು. ಮೂರು ವರ್ಷ ತಮ್ಮ ಇಷ್ಟದಂತೆ ಬಂದು ಹೋಗುತ್ತಿದ್ದವರನ್ನು ಈಗ ಯಾರೋ ಕಿವಿ ಹಿಡಿದು ಎಳೆತಂದು ನಿಲ್ಲಿಸಿ ದಬ್ಬುತ್ತಿದ್ದಾರೆ.

"ಇನ್ನೊಂದೇ ಸಲ" ಎಂದಳು ಡಾಕ್ಟರಮ್ಮ.

ಟೆಕ್ನಿಶಿಯನ್ ಗುಬುಟು ತಿರುಗಿಸಿದ. ಈ ಸಲ ಮಗಳ ಕಣ್ಣು ಕಾಲ್ದೆಸೆಯಿಂದ ನಿಧಾನವಾಗಿ ಮೇಲಕ್ಕೆ ಬಂತು, ತಾಯಿಯ ಮಡಿಲ ತನಕ ಬಂದು ನಿಂತಿತು.

"ಬಂದ್ರಾ ಪುಟ್ಟಾ?" ಎಂದಳು ಡಾಕ್ಟರಮ್ಮ.

"ಬರಲ್ಲ ಅಂತಿದ್ರು. ಬಂದ್ರು. ಅವರಿಗೆ ಸಿಟ್ಟು ಬಂದಿದೆ."

"ಎಲ್ಲಿದ್ದಾರೆ?"

"ಅಮ್ಮನ ತೊಡೆ ಮೇಲೆ."

ತಾಯಿ ತಲೆ ತಗ್ಗಿಸಿ ನೋಡಿದಳು. ಮಡಿಲಲ್ಲಿ ಏನೂ ಇರಲಿಲ್ಲ. ತನ್ನ ಎರಡು ಕೈಗಳು ಮಾತ್ರ, ಮಗುವನ್ನು ಸುತ್ತಿ ಹಿಡಿದಾಗ ಇರುವ ಹಾಗೆ, ಒಂದರೊಳಗೊಂದು ಬೆಸೆದುಕೊಂಡಿದ್ದವು. ಹಾಗೆ ಯಾವಾಗ ಬೆಸೆದಳೋ ಅವಳಿಗೆ ತಿಳಿಯದು.

"ನೋಡೋಕೆ ಹೇಗಿದ್ದಾರೆ?" ಡಾಕ್ಟರಮ್ಮನ ದನಿ ಹಗುರವಾಗಿಯೇ ಇತ್ತು.

ಇಷ್ಟು ವರ್ಷ ಯಾರು ಕೇಳಿದರೂ ಜಾರಿಕೊಳ್ಳುತ್ತಿದ್ದ ಮಾತು ಅದು. ಮಗಳು ತುಟಿ ಕಚ್ಚಿದಳು. "ನನ್ನ ಥರಾನೇ. ನನ್ನ ಗೌನೇ ಹಾಕ್ಕೊಂಡಿದ್ದಾರೆ. ಹಣೆ ಮೇಲೆ ಹೊಲಿಗೆ ಇಲ್ಲ."

ಟೆಕ್ನಿಶಿಯನ್ ಕರೆಂಟು ಆರಿಸಿದ.

ಡಾಕ್ಟರಮ್ಮ ಒಳ್ಳೆಯವಳು. ಮಗು ಹೆದರಬಾರದೆಂದು ಹಾಸಿಗೆಯ ಅಂಚಿಗೆ ಕೂತು ತಿಳಿಸಿ ಹೇಳಿದಳು. ಮಿದುಳಿನಲ್ಲಿ ನಮ್ಮ ಮೈಯ ನಕ್ಷೆಯೊಂದಿರುತ್ತದೆ, ಕಣ್ಣು ಮುಚ್ಚಿದರೂ ಕೈ ಎಲ್ಲಿದೆ ಕಾಲು ಎಲ್ಲಿದೆ ಎಂದು ಗೊತ್ತಾಗುವುದು ಅದರಿಂದ. ಕಿಡಿ ಹಾರಿದಾಗ ಆ ನಕ್ಷೆ ಕದಲಿ ಎರಡಾಗಿ ಕಾಣುತ್ತದೆ. "ಇವರಿಗೆ ನೆಂಟರು ಅಂತ ಹೆಸರಿಟ್ಟಿದ್ದೀರಲ್ಲ, ಅವರು ಹೊರಗಿನವರು ಯಾರೂ ಅಲ್ಲ ಪುಟ್ಟಾ. ಅದು ನೀನೇ. ನಿನ್ನ ಮಿದುಳು ನಿನ್ನನ್ನೇ ಎರಡು ಸಲ ನೋಡ್ತಿದೆ. ನಾಳೆ ಆ ಎರಡನೇದನ್ನ ತೆಗೆದುಹಾಕ್ತೀವಿ. ಸರೀನಾ?"

ಮಗಳು "ಸರಿ" ಎನ್ನಲಿಲ್ಲ. "ಅಮ್ಮನ್ನ ಕೇಳಿ ಹೇಳ್ತೀನಿ" ಎಂದಳು.

ಹೊರಗೆ ಕಾರಿಡಾರಿನಲ್ಲಿ ಡಾಕ್ಟರಮ್ಮ ಅಪ್ಪ ಅಮ್ಮ ಇಬ್ಬರಿಗೂ ಹೇಳಿದಳು. "ನೀವು ಸಹಿ ಹಾಕಿದ್ದೀರ, ಅದು ಆಯ್ತು. ಆದ್ರೆ ಬೇಡ ಅನ್ನೋ ಮಗೂನ ನಾನು ಒಳಗೆ ಕರ್ಕೊಂಡು ಹೋಗಲ್ಲ. ಸಂಜೆ ಒಳಗೆ ಅವಳ ಬಾಯಿಂದಲೇ ಹೂಂ ಅನ್ನಿಸಿ. ಆಪರೇಶನ್ ಮುಗಿದು ಕಣ್ಣು ಬಿಟ್ಟ ಕೂಡಲೇ ನಾಲ್ಕು ಮಾತು ಕೇಳ್ತೀನಿ: ಹೆಸರೇನು, ಅಮ್ಮ ಯಾರು, ಮನೆ ಎಲ್ಲಿ, ಇವತ್ತು ಯಾವ ವಾರ. ಸರಿಯಾಗಿ ಹೇಳಿದ್ರೆ ನಮ್ಮ ಹುಡುಗಿ ವಾಪಸ್ ಬಂದ್ಲು ಅಂತ ಲೆಕ್ಕ. ಅವಳಿಗೆ ಇದನ್ನ ಹೇಳಿ, ಧೈರ್ಯ ಬರತ್ತೆ."

ಅಪ್ಪ ಮನೆಗೆ ಹೋಗಿ ಅಜ್ಜಿಯನ್ನು ಕರೆತರಲು ಹೊರಟ. ಹೊರಡುವಾಗ ಹೆಂಡತಿಯ ಹತ್ತಿರ ಬಂದು, "ಏನಾದ್ರೂ ಮಾಡಿ ಒಪ್ಪಿಸು ಮಾರಾಯ್ತಿ. ಇನ್ನೊಂದು ಸಲ ಮೆಟ್ಟಿಲಿಂದ ಬಿದ್ರೆ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ" ಎಂದ.

ತಾಯಿ ಒಳಗೆ ಬಂದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಸಿಗೆಯ ಅರ್ಧಕ್ಕೆ ಬಿದ್ದಿತ್ತು. ಮಗಳು ಬ್ಯಾಂಡೇಜು ಸುತ್ತಿದ ತಲೆಯನ್ನು ದಿಂಬಿಗಾನಿಸಿ ಕೂತಿದ್ದಳು, ಹಾಸಿಗೆಯ ನಟ್ಟನಡುವೆ, ಯಾರಿಗೂ ಜಾಗ ಬಿಡದೆ. ಅವಳ ಗೌನಿನ ಅಂಚು ಬಿಚ್ಚಿಕೊಂಡಿತ್ತು. ತಾಯಿ ಸೂಜಿ ತೆಗೆದು ಹೊಲಿಯುತ್ತಾ, ಡಾಕ್ಟರಮ್ಮ ಹೇಳಿದ ನಾಲ್ಕು ಪ್ರಶ್ನೆಗಳನ್ನು ಹೇಳಿದಳು. "ಅಷ್ಟೇ ಕಂದಾ. ಕಣ್ಣು ಬಿಡ್ತೀಯ, ನಾಲ್ಕಕ್ಕೂ ಉತ್ತರ ಹೇಳ್ತೀಯ, ನಾನಲ್ಲೇ ಇರ್ತೀನಿ. ಪರೀಕ್ಷೆ ಅಂದ್ರೆ ಇಷ್ಟು ಸುಲಭದ್ದು ಇನ್ನೊಂದಿಲ್ಲ."

"ಅದೆಲ್ಲ ಅವರಿಗೂ ಗೊತ್ತು" ಎಂದಳು ಮಗಳು.

ಸೂಜಿ ನಿಂತಿತು.

"ನನ್ನ ಹೆಸರು ಗೊತ್ತು. ಮನೆ ಗೊತ್ತು. ಅಜ್ಜಿ ಹಾಲು ಉಕ್ಕಿಸೋದು ಗೊತ್ತು. ಅಪ್ಪ ಹೇಳೋ ಜೋಕೆಲ್ಲ ಗೊತ್ತು. ಮೂರು ವರ್ಷದಿಂದ ನಮ್ಮನೇಲೇ ಕೂತು ನೋಡಿದ್ದಾರಲ್ಲ ಅಮ್ಮಾ." ಮಗಳ ದನಿಯಲ್ಲಿ ದೂರು ಇರಲಿಲ್ಲ. "ಕೂತ್ಕೊಳ್ಳಿ ಅಂದಿದ್ದು ನೀನೇ."

ಅದು ಬರೀ ನಕ್ಷೆ, ಬರೀ ಕಿಡಿ ಎಂದು ತಾಯಿ ಹೇಳಬಹುದಿತ್ತು. ಅದು ನಿಜವೂ ಹೌದು, ಅವಳಿಗೆ ಗೊತ್ತು. ಆದರೆ ಬಾಯಿಂದ ಹೊರಟ ಮಾತನ್ನು ಈ ಮಗು ಎಂದೂ ನಂಬಿದ್ದಲ್ಲ, ಅಮ್ಮನ ಕೈ ಏನು ಮಾಡಿತೋ ಅದನ್ನೇ ನಂಬಿದ್ದು. ಅಮ್ಮನ ಕೈ ಮೂರು ವರ್ಷ ಕುರ್ಚಿ ಎಳೆದಿತ್ತು.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮಗಳ ಎರಡೂ ಕೆನ್ನೆ ಹಿಡಿದಳು. ಹಣೆಯ ಏಳು ಹೊಲಿಗೆಯ ಗುರುತು ಬ್ಯಾಂಡೇಜಿನ ಕೆಳಗೆ ಮರೆಯಾಗಿತ್ತು.

"ನೋಡು ಕಂದಾ, ಎಷ್ಟೋ ದಿನದಿಂದ 'ಒಂದು ಕೇಳ್ಲಾ' ಅಂತೀಯ, 'ಏನಿಲ್ಲ' ಅಂತೀಯ. ಗಂಟಲಲ್ಲಿ ಇಟ್ಕೊಂಡು ಇಟ್ಕೊಂಡು ಒಣಗಿಹೋಗಿದ್ದೀಯ. ಕೇಳಿಬಿಡು. ನನಗೆ ಗೊತ್ತಿದ್ರೆ ಹೇಳ್ತೀನಿ, ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತೀನಿ. ಸುಳ್ಳು ಹೇಳಲ್ಲ. ಕುರ್ಚೀನೂ ಎಳೆಯಲ್ಲ."

ಹೊರಗೆ ಯಾರದೋ ತಳ್ಳುಗಾಡಿಯ ಚಕ್ರ ಕಿರುಗುಟ್ಟುತ್ತಾ ಬಂದು, ಬಾಗಿಲು ದಾಟಿ ಹೋಯಿತು. ಮಗಳು ಅದರ ಸದ್ದು ಅಡಗುವವರೆಗೂ ಕಾದಳು. ತಾಯಿಯ ಭುಜದಾಚೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಪಿಸುಗುಟ್ಟದೆ, ಗಟ್ಟಿಯಾಗಿಯೇ ಕೇಳಿದಳು:

"ನಾಳೆ ಕಣ್ಣು ಬಿಟ್ಟು 'ಅಮ್ಮಾ' ಅನ್ನೋದು ನಾನೋ ಅವರೋ ಅಂತ ನಿನಗೆ ಹೇಗೆ ಗೊತ್ತಾಗತ್ತೆ?"